ಕಾರಿಗಿಂತ ರಿಪೇರಿನೇ ದುಬಾರಿ ಅಂದಾಗ

ಹಳೇ ಕಾರಿನ ಎಂಜಿನ್ ಕೆಟ್ಟು ನಿಂತ್ರೆ ನಮ್ಮ ಕಡೆ ಎಲ್ರ ಬಾಯಲ್ಲೂ ಒಂದೇ ಲೆಕ್ಕ ಬರತ್ತೆ. ಕಾರು ಮಾರಿದ್ರೆ ಎಷ್ಟು ಬರ್ತದೆ, ರಿಪೇರಿಗೆ ಎಷ್ಟು ಬೀಳ್ತದೆ, ರಿಪೇರಿನೇ ಜಾಸ್ತಿ ಅಂತಾದ್ರೆ ಗುಜರಿಗೆ ಕೊಟ್ಟು ಕೈ ತೊಳ್ಕೊ. ಹಾಸ್ಟೆಲ್ ಮೆಸ್ಸಲ್ಲಿ ಇದನ್ನೇ ಹೇಳಿದ್ರು, ಊರಲ್ಲಿ ಮದುವೆ ಮನೆ ಪಂಕ್ತಿಲಿ ಪಕ್ಕ ಕೂತೋರೂ ಇದನ್ನೇ ಹೇಳಿದ್ರು, ಕಾರೇ ಇಲ್ದೋರು ಕೂಡ ಇದನ್ನೇ ಹೇಳಿದ್ರು. ಕೇಳೋದಕ್ಕೆ ಸರಿಯಾಗೇ ಇದೆ. ಆದ್ರೆ ಅವತ್ತಿಂದ ಇವತ್ತಿನ ತನಕ ಆ ಲೆಕ್ಕ ನನಗೆ ಒಳಗೆ ಎಲ್ಲೋ ಚುಚ್ತಾನೇ ಇದೆ, ಯಾಕಂದ್ರೆ ಅದ್ರಲ್ಲಿರೋ ಎರಡು ಅಂಕಿನೂ ನನ್ನ ಕಾರಿನದಲ್ಲ. ಒಂದು ಪೇಟೆ ರೇಟು. ಇನ್ನೊಂದು ಯಾರೂ ನೋಡದೇ ಇರೋ ಎಂಜಿನ್‌ಗೆ ಯಾರೋ ಫೋನಲ್ಲಿ ಹೇಳಿದ ರೇಟು.

ನಾನಾಗ ಕಾರವಾರದಲ್ಲಿ ಇಂಜಿನಿಯರಿಂಗ್ ಮಾಡ್ತಿದ್ದೆ, ಮನೆ ಶಿರಸಿಯಿಂದ ಒಳಗೆ, ಬಸ್ಸಿಳಿದ ಮೇಲೆ ಮತ್ತೆ ನಡೀಬೇಕು. ಕಾರು ಮಾವನ 2008ರ ಮಾರುತಿ 800, ಅವ್ರು ಹೊಸದು ತಗೊಂಡಾಗ ನಮ್ಮನೆಗೆ ಬಂದಿದ್ದು. 15 ವರ್ಷ ತುಂಬಿದ್ದಕ್ಕೆ 2023ರಲ್ಲಿ ಆರ್‌ಸಿ (ಗಾಡಿ ನೋಂದಣಿ ಪತ್ರ) ರಿನ್ಯೂ ಮಾಡ್ಸಿದ್ವಿ, 2022ರ ಏಪ್ರಿಲ್‌ನಿಂದ ಅದಕ್ಕೆ ಫೀಸೇ 5,000 ಆಗಿತ್ತು, ಮೊದ್ಲು 600 ಇತ್ತು. ಅಂದ್ರೆ 2028ರ ತನಕ ಕಾಗದಪತ್ರ ಸರಿ ಇರೋ ಗಾಡಿ. ನಮ್ಮನೇಲಿ ಮೇಲೆ ಮಾಡು ಇರೋ ಗಾಡಿ ಅದೊಂದೇ, ಉಳಿದಿದ್ದು ಅಪ್ಪಯ್ಯನ ಸ್ಕೂಟರು. ಮಳೆಗಾಲದಲ್ಲಿ ಅಜ್ಜಿನ ಸ್ಕೂಟರ್ ಮೇಲೆ ಕೂರ್ಸಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದು ಹ್ಯಾಗೆ ಅನ್ನೋದು ಪೇಟೆ ರೇಟಿನ ಲೆಕ್ಕದಲ್ಲಿ ಬರಲ್ಲ. ದೊಡ್ಡ ಕಾಯಿಲೆ ಅಂದ್ರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡ್ಬೇಕಾದ ಜಿಲ್ಲೆ ನಮ್ದು, ಇಲ್ಲಿ ಮನೆ ಅಂಗಳದಲ್ಲಿ ಒಂದು ಓಡೋ ಕಾರು ಇರೋದಕ್ಕೆ ಬೇರೇನೇ ಬೆಲೆ ಇದೆ.

ದೇವಿಮನೆ ಘಟ್ಟದಲ್ಲಿ

ಮೇ ತಿಂಗಳ ಕೊನೆ. ಕುಮಟಾದಲ್ಲಿ ಅಜ್ಜಿಗೆ ಕಣ್ಣು ತೋರ್ಸಿ ವಾಪಸ್ ಬರ್ತಿದ್ವಿ, ಹಿಂದಿನ ಸೀಟಲ್ಲಿ ಅಜ್ಜಿ, ಆಯಿ (ಅಮ್ಮ) ಪಕ್ಕದಲ್ಲಿ. ಕೆಳಗೆ ಆ ಸೆಖೆ ಗೊತ್ತೇ ಇದೆಯಲ್ಲ, ಕಿಟಕಿ ಇಳಿಸಿದ್ರೂ ಬಿಸಿ ಗಾಳಿನೇ. ಕುಮಟಾ-ಶಿರಸಿ ನಡುವಿನ ಈ ಘಟ್ಟದ ರಸ್ತೆ ಅಗಲ ಮಾಡೋ ಕೆಲಸದ್ದು ನಾನು ಹೇಳೋದೇನಿಲ್ಲ, ಆ ದಾರಿಲಿ ಓಡಾಡಿದೋರಿಗೆಲ್ಲ ಅದ್ರ ಒಂದೊಂದು ತಿರುವೂ ಬಾಯಿಪಾಠ. ಮುಂದೆ ಲೋಡ್ ಲಾರಿ, ಅದ್ರ ಹಿಂದೆ ಫಸ್ಟ್ ಗೇರಲ್ಲಿ ನಾವು, ಓವರ್‌ಟೇಕ್ ಮಾಡೋ ಜಾಗ ಇಲ್ಲ, ನಿಂತ್ರೆ ಹಿಂದಿನವ್ರು ಹಾರ್ನು. ಎಂಜಿನ್ ಪೂರ್ತಿ ದುಡೀತಿರತ್ತೆ ಆದ್ರೆ ಗಾಡಿ ಓಡೋ ಗಾಳಿ ರೇಡಿಯೇಟರಿಗೆ ತಾಗೋದೇ ಇಲ್ಲ, ಕೂಲಿಂಗ್ ಸಿಸ್ಟಮ್ಮಿಗೆ ಇದಕ್ಕಿಂತ ಕಷ್ಟದ ಪರಿಸ್ಥಿತಿ ಇಲ್ಲ. ಒಂದು ತಿರುವಲ್ಲಿ ಎಳೆತ ಕಮ್ಮಿ ಆದ ಹಾಗೆ ಅನ್ನಿಸ್ತು, ಮೀಟರ್ ನೋಡಿದೆ, ಟೆಂಪರೇಚರ್ ಸೂಜಿ ಕೆಳಗೇ ಇದೆ. ಸ್ವಲ್ಪ ದೂರಕ್ಕೆ ಎಂಜಿನಿಂದ ಕಲ್ಲು ಕುಟ್ಟೋ ತರ ಸದ್ದು. ಸಿಕ್ಕ ಜಾಗದಲ್ಲಿ ಎಡಕ್ಕೆ ಹಾಕಿ ಆಫ್ ಮಾಡಿದೆ, ಬಾನೆಟ್ ಎತ್ತಿದ್ರೆ ಬರೀ ಹಬೆ.

ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಸೀಳಿ ನೀರೆಲ್ಲ ಹೋಗಿತ್ತು. ಸೂಜಿ ಯಾಕೆ ಮೇಲೆ ಹೋಗ್ಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು, ಇದನ್ನ ಹಳೇ ಗಾಡಿ ಓಡಿಸೋ ಎಲ್ರೂ ತಿಳ್ಕೋಬೇಕು ಅಂತ ನನ್ನ ಆಸೆ. ಟೆಂಪರೇಚರ್ ಸೆನ್ಸರ್ ಇರೋದು ನೀರಿನ ಬಿಸಿ ನೋಡೋದಕ್ಕೆ. ನೀರೇ ಖಾಲಿ ಆದ್ರೆ ಅದು ಗಾಳಿಲಿ ನೇತಾಡ್ತಿರತ್ತೆ, ಎಂಜಿನ್ ಸುಡ್ತಿದ್ರೂ ಸೂಜಿ ಕೆಳಗೇ ತೋರಿಸ್ಬೋದು. ಘಟ್ಟ ಹತ್ತೋವಾಗ ಸೂಜಿ ಏರಿದ್ರೆ ಹೆದರ್ತೀವಿ, ಇದ್ದಕ್ಕಿದ್ದಂಗೆ ಇಳಿದ್ರೂ ಅಷ್ಟೇ ಹೆದರ್ಬೇಕು.

ಆಯಿ ಬಾಟ್ಲಿ ನೀರು ಹಿಡ್ಕೊಂಡು ಇಳಿದ್ಲು. ಅಷ್ಟರಲ್ಲಿ ಕುಮಟಾ ಕಡೆಯಿಂದ ಮೀನಿನ ಪಿಕಪ್ ಬಂತು, ಡ್ರೈವರ್ ನಮ್ಮನ್ನ ನೋಡಿ ಮುಂದೆ ಹೋಗಿ ನಿಲ್ಸಿ ಓಡ್ತಾ ವಾಪಸ್ ಬಂದ್ರು. "ನೀರ್ ಹಾಕ್ಬೇಡಿ ಅಮ್ಮ, ನೀರ್ ಹಾಕ್ಬೇಡಿ!" ಅಂದ್ರು ದೂರದಿಂದ್ಲೇ. ಕಾದು ಕೆಂಪಾದ ಎಂಜಿನ್‌ಗೆ ತಣ್ಣೀರು ಬಿದ್ರೆ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ) ಬಿರುಕು ಬಿಡ್ತದೆ, ಬಿರುಕು ಬಿಟ್ರೆ ಮತ್ತೆ ಅದು ಕೆಲಸಕ್ಕೆ ಬರಲ್ಲ ಅಂತ. ನಾನು ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ ಅಂದಿದ್ದಕ್ಕೆ "ಕೀ ತೆಗ್ದು ಕಿಸೆಲಿ ಹಾಕು ಮಾರಾಯ" ಅಂದ್ರು. ಹಗ್ಗ ಕಟ್ಟಿ ಎಳೀತೀರಾ ಕೇಳಿದೆ. ಲೋಡ್ ಇದೆ, ಈ ಏರಲ್ಲಿ ಹಗ್ಗ ಹರಿದ್ರೆ ಹಿಂದಿನವ್ರ ಜೀವಕ್ಕೆ ಕುತ್ತು, ಎಂಜಿನ್ ಆಫ್ ಇದ್ರೆ ನಿಂಗೆ ಬ್ರೇಕೂ ಸರಿ ಹಿಡಿಯಲ್ಲ ಅಂದು ಒಪ್ಲಿಲ್ಲ. ಟಯರಿಗೆ ಕಲ್ಲು ಕೊಟ್ಟು, ಹಿಂದೆ ಮರದ ಸೊಪ್ಪು ಮುರಿದು ರಸ್ತೆಗೆ ಹಾಕಿ, ಶಿರಸಿ ಬಸ್ಸಿಗೆ ಕೈ ಮಾಡಿ ಅಜ್ಜಿನ ಆಯಿನ ಹತ್ತಿಸಿಯೇ ಅವ್ರು ಹೊರಟಿದ್ದು. ಅವರ ಐಸ್ ಕರಗ್ತಿತ್ತು, ಮೀನು ಶಿರಸಿ ಪೇಟೆಗೆ ಹೊತ್ತಿಗೆ ಮುಟ್ಬೇಕಿತ್ತು, ಆದ್ರೂ ನಿಂತ್ರು. ಅವ್ರು ನಿಲ್ಲದೇ ಇದ್ದಿದ್ರೆ ಈ ಬರಹದ ಲೆಕ್ಕವೇ ಬೇರೆ ಇರ್ತಿತ್ತು, ಹೆಡ್ ಹೋಗಿದ್ರೆ ನಾನು ಕಾರು ಉಳಿಸ್ಕೊಳ್ಳೋ ಮಾತೇ ಇರ್ಲಿಲ್ಲ.

ಮನೇಲಿ ಅವತ್ತು ರಾತ್ರಿ ಆಯಿ ಹೇಳಿದ್ದು "ನಿಂಗವ್ವೆಲ್ಲ ಆರಾಮಿದ್ರಲಾ ತಮಾ, ಕಾರು ಹೋದ್ರೆ ಹೋಗ್ಲಿ." ಅಪ್ಪಯ್ಯ ಸುಮಾರು ಹೊತ್ತು ಸುಮ್ನಿದ್ದು "ಎಷ್ಟಾಗ್ತು ಹೇಳಿ ಕೇಳ್ದ್ಯಾ?" ಅಂದ. ಅವ್ನು ಕೇಳಿದ ರೀತಿಲೇ ಗೊತ್ತಾಯ್ತು, ಸೊಸೈಟಿ ಖಾತೆಲಿ ಇನ್ನೆಷ್ಟು ಎತ್ತಬೋದು ಅಂತ ಆಗ್ಲೇ ಲೆಕ್ಕ ಹಾಕ್ತಿದ್ದಾನೆ. ಅಡಿಕೆ ಕೊಯ್ಲಿಗೆ ಇನ್ನೂ ಎಷ್ಟೋ ತಿಂಗಳಿತ್ತು. ಸೊಸೈಟಿ ದುಡ್ಡು ಮುಟ್ಟೋದು ಬೇಡ, ನನ್ನ ದುಡ್ಡಲ್ಲೇ ಆದಷ್ಟು ಮಾಡೋಣ ಅಂತ ಅವತ್ತೇ ನಿಶ್ಚಯ ಮಾಡ್ಕೊಂಡೆ. ನನ್ನ ದುಡ್ಡು ಅಂದ್ರೆ ಸ್ಕಾಲರ್‌ಶಿಪ್ಪಲ್ಲಿ ಉಳಿದಿದ್ದು, ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಗಣಿತ ಟ್ಯೂಷನ್ ಹೇಳಿದ್ದು, ಅಡಿಕೆ ಸುಲಿದಿದ್ದು, ಎಲ್ಲಾ ಸೇರಿ 18 ಸಾವಿರದ ಆಸುಪಾಸು. ಅದ್ರಲ್ಲೇ ಮುಂದಿನ ಸೆಮಿಸ್ಟರಿನ ಎಕ್ಸಾಮ್ ಫೀಸೂ ಬರ್ಬೇಕು.

ಬಿಚ್ಚದೇ ಹೇಳೋ ರೇಟು

ಫೋನಲ್ಲಿ ಕೇಳಿದೋರೆಲ್ಲ ರೇಟು ಹೇಳಿದ್ರು. ಒಬ್ರು ಫುಲ್ ಎಂಜಿನ್ ಕೆಲಸ, 35 ಸಾವಿರ ಅಂದ್ರು. ಇನ್ನೊಬ್ರು ಎಂಜಿನ್ನೇ ಬದಲಾಯಿಸು, ಸೆಕೆಂಡ್ ಹ್ಯಾಂಡ್ 20ಕ್ಕೆ ಸಿಗ್ತದೆ, ಕೂರಿಸೋ ಕೂಲಿ ಬೇರೆ ಅಂದ್ರು. ಗುಜರಿಯವ್ರು ಇದ್ದ ಹಾಗೇ ಎತ್ಕೊಂಡು ಹೋಗೋದಕ್ಕೆ 22 ಕೊಡ್ತೀವಿ ಅಂದ್ರು. ಎಲ್ರೂ ಹೇಳೋ ಲೆಕ್ಕ ಹುಟ್ಟಿದ್ದು ಇಲ್ಲೇ: ಕಾರಿಗೆ 22, ರಿಪೇರಿಗೆ 35, ಮಾತು ಮುಗೀತು.

ಟೋಯಿಂಗ್ ಗಾಡಿಗೆ ಮೂರೂವರೆ ಸಾವಿರ ಕೊಟ್ಟು ಕಾರು ತಂದಿದ್ದು ಶಿರಸಿಲಿ ಮಾವನ ಕಾಲದಿಂದ ಗೊತ್ತಿರೋ ಒಂದು ಗ್ಯಾರೇಜಿಗೆ. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ಎಷ್ಟೂ ಹೇಳ್ಲಿಲ್ಲ. ನಾನು ಎಷ್ಟಾಗ್ಬೋದು ಅಂತ ಮತ್ತೆ ಮತ್ತೆ ಕೇಳಿದೆ. "ನೋಡು ತಮ್ಮ, ಬಿಚ್ಚದೇ ರೇಟು ಹೇಳಿದ್ರೆ ನನಗೆ ನಷ್ಟ ಆಗ್ಬಾರ್ದು ಅಂತ ಜಾಸ್ತಿನೇ ಹೇಳ್ಬೇಕಾಗ್ತದೆ. ಹೆಡ್ ಇಳಿಸಿ ನೋಡೋದಕ್ಕೆ 1,500 ಕೊಡು. ಆಮೇಲೆ ಮಾಡ್ಸದಿದ್ರೂ ಬೇಜಾರಿಲ್ಲ" ಅಂದ್ರು. ಆ 1,500 ಕೊಡೋದಕ್ಕೆ ನನಗೆ ಕೈ ಬರ್ತಿರ್ಲಿಲ್ಲ, ಗುಜರಿಗೆ ಕೊಡೋದೇ ಆದ್ರೆ ಅದು ದಂಡ ತಾನೇ. ಈಗ ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಹೇಳೋದೇ ಇದನ್ನ: ಕೈಲಿ ದುಡ್ಡು ಕಮ್ಮಿ ಇದ್ದೋನು ಬಿಚ್ಚಿ ನೋಡೋದಕ್ಕೆ ದುಡ್ಡು ಕೊಡ್ಬೇಕು. ದುಡ್ಡಿದ್ದೋನಿಗೆ ನಡೀತದೆ, ಅವ್ನು 35 ಕೊಟ್ಟು ಎಲ್ಲಾ ಹೊಸದು ಹಾಕ್ಸಿ ನಿಶ್ಚಿಂತೆಲಿ ಇರ್ತಾನೆ. ನಮಗೆ ಆ ನಿಶ್ಚಿಂತೆ ಕೊಳ್ಳೋ ಶಕ್ತಿ ಇಲ್ಲ, ನಾವು ಯಾವುದು ಹಾಳಾಗಿದೆಯೋ ಅದಕ್ಕಷ್ಟೇ ಕೊಡೋಕಾಗೋದು, ಯಾವುದು ಹಾಳಾಗಿದೆ ಅಂತ ಗೊತ್ತಾಗ್ಬೇಕಲ್ಲ.

ಬಿಚ್ಚೋ ಮೊದ್ಲೇ ಮೇಸ್ತ್ರಿ ಒಂದೆರಡು ಪರೀಕ್ಷೆ ಮಾಡಿದ್ರು, ಎಂಜಿನ್ ತಣ್ಣಗಿದ್ದಾಗ, ಸ್ಟಾರ್ಟ್ ಮಾಡದೇನೇ. ಆಯಿಲ್ ಹಾಕೋ ಕ್ಯಾಪ್ ತೆಗೆದು ಒಳಗೆ ನೋಡಿದ್ರು, ಡಿಪ್‌ಸ್ಟಿಕ್ ಎಳೆದು ನೋಡಿದ್ರು. ಕ್ಯಾಪ್ ಒಳಗೆ ಸ್ವಲ್ಪ ಹಾಲು ಚಹಾದ ಬಣ್ಣ ಇತ್ತು, ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಕಪ್ಪಗೇ ಇತ್ತು. ಆಯಿಲ್ಲಿಗೆ ನೀರು ಸೇರಿದ್ರೆ ಹೀಗೆ ಬೆಳ್ಳಗಾಗೋದು. ಆದ್ರೆ ಬರೀ ಕ್ಯಾಪ್ ನೋಡಿ ತೀರ್ಮಾನ ಮಾಡ್ಬೇಡ ಅಂದ್ರು, ನಮ್ಮ ಶಿರಸಿ ಮಳೆಲಿ ದಿನಾ ಪೇಟೆ ತನಕ ಮಾತ್ರ ಹೋಗಿ ಬರೋ ಗಾಡಿಗಳ ಕ್ಯಾಪಲ್ಲೂ ಇದು ಬರ್ತದೆ, ಎಂಜಿನ್ ಪೂರ್ತಿ ಬಿಸಿ ಆಗದೇ ಒಳಗಿನ ತೇವ ಅಲ್ಲೇ ಕೂತಿರತ್ತೆ ಅಷ್ಟೇ. ಅದನ್ನ ನೋಡಿ ಹೆದರಿ ಒಳ್ಳೇ ಎಂಜಿನ್ ಬಿಚ್ಚಿಸಿದೋರೂ ಇದ್ದಾರಂತೆ. ಆಮೇಲೆ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿದ್ರು. 800ಕ್ಕೆ ಮೂರು ಸಿಲಿಂಡರು. ಒಂದನೇದು ಚೆನ್ನಾಗಿ ತೋರಿಸ್ತು, ಎರಡು ಮೂರರಲ್ಲಿ ಮುಳ್ಳು ಏಳ್ಲೇ ಇಲ್ಲ. ಮೇಸ್ತ್ರಿ ಮುಖದಲ್ಲಿ ಸಮಾಧಾನ ಕಾಣಿಸ್ತು, ನನಗೆ ಅರ್ಥ ಆಗ್ಲಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದಾವೆ ಅಂದ್ರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಕೂರೋ ತೆಳು ಹಾಳೆ) ಸುಟ್ಟಿರೋ ಸಾಧ್ಯತೆನೇ ಜಾಸ್ತಿ, ಪಿಸ್ಟನ್ ರಿಂಗು ಹೋಗಿದ್ರೆ ಹೀಗೆ ಜೋಡಿಲಿ ಹೋಗೋದು ಕಮ್ಮಿ ಅಂತ ವಿವರಿಸಿದ್ರು.

ಹೆಡ್ ಇಳಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಕಾಲೇಜಲ್ಲಿ ಐಸಿ ಎಂಜಿನ್ ಪೇಪರಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡೋನು ನಾನು, ಆದ್ರೆ ಒಂದು ಓಡ್ತಿದ್ದ ಎಂಜಿನ್ ಒಳಗನ್ನ ಕಣ್ಣಾರೆ ನೋಡಿದ್ದು ಅವತ್ತೇ. ಗ್ಯಾಸ್ಕೆಟ್ ಎರಡು ಮೂರರ ನಡುವೆ ಸುಟ್ಟು ಕರಿ ಗೆರೆ ಆಗಿತ್ತು. ಮೇಸ್ತ್ರಿ ಹೆಡ್ಡನ್ನ ತಿರುಗಿಸಿ ಇಟ್ಟು ಮೇಲೆ ಉಕ್ಕಿನ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಉಕ್ಕಿನ ಎಲೆಗಳು) ತೂರಿಸಿದ್ರು. ಸಾಮಾನ್ಯವಾಗಿ 0.05 ಮಿಲಿಮೀಟರ್‌ಗಿಂತ ಹೆಚ್ಚು ಸೊಟ್ಟ ಇರ್ಬಾರ್ದು, ಇದ್ರಲ್ಲಿ ಮಧ್ಯ ಅದಕ್ಕಿಂತ ದಪ್ಪದ ಎಲೆನೇ ಸಲೀಸಾಗಿ ಹೋಯ್ತು. ಬ್ಲಾಕು (ಸಿಲಿಂಡರ್ ಇರೋ ಕೆಳಗಿನ ಭಾಗ) ಎರಕದ ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಅದೇ ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗತ್ತೆ, ಆದ್ರೆ ಬೋಲ್ಟು ಅದನ್ನ ಕೆಳಗೆ ಬಿಗಿದು ಹಿಡ್ಕೊಂಡಿರತ್ತೆ, ಹಿಗ್ಗೋದಕ್ಕೆ ಜಾಗ ಇಲ್ದೇ ಸೊಟ್ಟ ಆಗತ್ತೆ. ಪುಸ್ತಕದಲ್ಲಿ ಇದು ಎಕ್ಸ್‌ಪಾನ್ಷನ್ ಕೋಎಫಿಷಿಯೆಂಟ್ ಅಂತ ಎರಡು ಮಾರ್ಕಿನ ಪ್ರಶ್ನೆ.

ಆಮೇಲೆ ಸಿಲಿಂಡರ್ ಒಳಗೆ ಟಾರ್ಚ್ ಬಿಟ್ಟು "ಉಗುರು ಆಡ್ಸಿ ನೋಡು" ಅಂದ್ರು. ಗೋಡೆ ಮೇಲೆ ಉಗುರಿಗೆ ಸಿಕ್ಕೋ ಗೀರು ಇಲ್ಲ, ಹೊಸದರಲ್ಲಿ ಹೋನಿಂಗ್ ಮಾಡಿದ ಓರೆ ಗೆರೆಗಳು ಇನ್ನೂ ಕಾಣ್ತಿದ್ವು. ಕೆಳಗೆ ಆಯಿಲ್ ಚೇಂಬರ್ ಇಳಿಸಿ ಒಂದು ಬೇರಿಂಗ್ ಬಿಚ್ಚಿ ನೋಡಿದ್ರು, ಅದೂ ಸರಿ ಇತ್ತು. ಅಂದ್ರೆ ಹೋಗಿದ್ದು ಮೇಲಿನ ಅರ್ಧ ಮಾತ್ರ. ಫೋನಲ್ಲಿ 35 ಹೇಳಿದೋರು ಮೋಸ ಮಾಡ್ತಿದ್ರು ಅಂತ ನಾನು ಹೇಳಲ್ಲ, ಅವ್ರು ಹೇಳಿದ್ದು ಅತೀ ಕೆಟ್ಟ ಸ್ಥಿತಿಲಿರೋ ಎಂಜಿನ್ ರೇಟು. ರೀಬೋರು (ಸಿಲಿಂಡರ್ ಕೊರೆದು ಅಗಲ ಮಾಡೋದು), ಓವರ್‌ಸೈಜ್ ಪಿಸ್ಟನ್ನು, ಕ್ರ್ಯಾಂಕ್ ಗ್ರೈಂಡಿಂಗು ಎಲ್ಲಾ ಸೇರಿದ್ರೆ ಅಷ್ಟು ಆಗೇ ಆಗತ್ತೆ. ನನ್ನ ಎಂಜಿನ್‌ಗೆ ಅದು ಯಾವುದೂ ಬೇಕಿರ್ಲಿಲ್ಲ.

ಹುಬ್ಬಳ್ಳಿಗೆ, ಗೋಣಿ ಚೀಲದಲ್ಲಿ ಹೆಡ್ಡು

ಹೆಡ್ ಫೇಸಿಂಗಿಗೆ, ಅಂದ್ರೆ ಸೊಟ್ಟ ಆದ ಮುಖ ಸಮ ಮಾಡೋದಕ್ಕೆ, ಹುಬ್ಬಳ್ಳಿಲಿ ಮೇಸ್ತ್ರಿಗೆ ನಂಬಿಕೆ ಇರೋ ಒಂದು ಮಷೀನ್ ಶಾಪಿತ್ತು. ಹೆಡ್ಡನ್ನ ಹಳೇ ಪೇಪರಲ್ಲಿ ಸುತ್ತಿ ಗೋಣಿ ಚೀಲಕ್ಕೆ ಹಾಕಿ ಬೆಳಗಿನ ಬಸ್ಸಿಗೆ ಹತ್ತಿದೆ, ಸೀಟಿನ ಕೆಳಗೆ ಇಟ್ಕೊಂಡು ಯಾರ ಕಾಲೂ ತಾಗದ ಹಾಗೆ ದಾರಿಯುದ್ದ ಕಾಯ್ತಾ ಕೂತೆ. ಅಲ್ಲಿ ಅದನ್ನ ಪ್ರೆಷರ್ ಟೆಸ್ಟ್ ಮಾಡಿದ್ರು, ಬಿರುಕಿಲ್ಲ ಅಂತ ಗೊತ್ತಾದ ಮೇಲೇ ಫೇಸಿಂಗಿಗೆ ಇಟ್ಟಿದ್ದು. ಈ ಕ್ರಮ ಮುಖ್ಯ, ಮೊದ್ಲು ಫೇಸಿಂಗ್ ಮಾಡಿ ಆಮೇಲೆ ಬಿರುಕು ಸಿಕ್ರೆ ಎರಡೂ ದುಡ್ಡು ನೀರಿಗೆ. ವಾಲ್ವ್ ಗ್ರೈಂಡಿಂಗೂ ಅಲ್ಲೇ ಮಾಡಿಸಿದೆ.

ಹೆಡ್ ಆಗೋ ತನಕ ಹೊತ್ತಿತ್ತು, ಗುಜರಿ ಕಡೆ ಹೋದೆ. ಎಂಜಿನ್ನೇ ಬದಲಾಯಿಸಿದ್ರೆ ಏನಾಗ್ತಿತ್ತು ಅಂತ ನೋಡ್ಲೇಬೇಕು ಅನ್ನಿಸ್ತು. ಸಾಲಾಗಿ ನೆಲದ ಮೇಲೆ ಎಂಜಿನ್‌ಗಳು, ಎಲ್ಲದಕ್ಕೂ ಒಂದೇ ಮಾತು, ರನ್ನಿಂಗ್ ಕಂಡೀಷನ್ನು. 800ದು ಅಂತ ಒಂದನ್ನ ತೋರಿಸಿದ್ರು, ನೋಡಿದ್ರೆ ಅದು ಕಾರ್ಬ್ಯುರೇಟರ್ ಕಾಲದ್ದು, ನನ್ನದು ಎಂಪಿಎಫ್‌ಐ (ಪೆಟ್ರೋಲನ್ನ ಇಂಜೆಕ್ಟರಲ್ಲಿ ಚಿಮ್ಮಿಸೋದು). ಇನ್ನೊಂದು ಆಲ್ಟೋದು. ಸಿಸಿ ಒಂದೇ, ಎರಡೂ 796, ಆದ್ರೆ ಅದ್ರ ಹೆಡ್ಡಲ್ಲಿ 12 ವಾಲ್ವು, ನನ್ನದ್ರಲ್ಲಿ 6. "ಕೂರ್ತದ ತಗೊಳ್ರಿ, ಏನೂ ಆಗೂದಿಲ್ಲ" ಅಂದ್ರು. ಕೂರ್ಬೋದು, ಆದ್ರೆ ವೈರಿಂಗು, ಸೆನ್ಸರು, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರು) ಎಲ್ಲಾ ಹಿಂದಿಂದೆ ಬರ್ತವೆ. ಸರಿ ಹೊಂದೋದು ಅಂತ ಸಿಕ್ಕಿದ್ದು ಒಂದು ಓಮ್ನಿ ಎಂಜಿನ್, ಅದ್ರ ಆಯಿಲ್ ಕ್ಯಾಪ್ ತೆಗೆದು ನೋಡಿದೆ, ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಲಿ ತಿರುಗಿಸಿ ನೋಡಿದೆ, ತಿರುಗ್ತಿತ್ತು. ಅದಕ್ಕಿಂತ ಹೆಚ್ಚು ಅಲ್ಲಿ ನಿಂತು ತಿಳ್ಕೊಳ್ಳೋದಕ್ಕೆ ಆಗಲ್ಲ. ಯಾವ ಕಾರಿಂದು, ಎಷ್ಟು ಕಿಲೋಮೀಟರ್ ಓಡಿದೆ, ಯಾಕೆ ಬಿಚ್ಚಿದ್ರು, ಉತ್ತರ ಇಲ್ಲ. ಅದ್ರ ನೀರಿನ ದಾರಿ ಬಾಯಲ್ಲಿ ಕೆಂಪು ತುಕ್ಕು ದಪ್ಪ ಇತ್ತು, ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಬದ್ಲು ಬಾವಿ ನೀರೋ ಹಳ್ಳದ ನೀರೋ ಹಾಕಿ ಓಡಿಸಿದ ಲಕ್ಷಣ ಅದು. ಕಬ್ಬಿಣದ ಬ್ಲಾಕಿಗೆ ಬರೀ ನೀರು ಹಾಕಿದ್ರೆ ಒಳಗಿಂದ ತುಕ್ಕು ಹಿಡಿದು ಉದುರಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನ ಕಟ್ಟತ್ತೆ. ಅಂಥ ಎಂಜಿನ್ ತಂದು ದೇವಿಮನೆ ಹತ್ತಿಸಿದ್ರೆ ಮತ್ತೆ ಅದೇ ತಿರುವಲ್ಲಿ ನಿಲ್ಬೇಕು.

ಇದ್ರ ಜೊತೆ ಕಾನೂನು. ಎಂಜಿನ್ ಬದಲಾಯಿಸಿದ್ರೆ ಆರ್‌ಸಿಲಿರೋ ಎಂಜಿನ್ ನಂಬರ್ ಬದಲಾಗತ್ತಲ್ಲ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಮೊದ್ಲೇ ಅನುಮತಿ ತಗೊಂಡಿಲ್ಲ ಅಂದ್ರೆ 14 ದಿನದ ಒಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಲಿ ನಮೂದು ಮಾಡಿಸ್ಬೇಕು. ಅದಕ್ಕೆ ಆ ಎಂಜಿನ್ ಎಲ್ಲಿಂದ ಬಂತು ಅನ್ನೋ ಕಾಗದ ಬೇಕು. ಬಿಲ್ ಕೊಡ್ತೀರಾ, ಆ ಗಾಡಿ ಆರ್‌ಸಿ ಕಾಪಿ ಇದೆಯಾ ಅಂತ ಕೇಳಿದೆ, ಬಿಲ್ ಬೇಕಂದ್ರೆ ರೇಟು ಬೇರೆ ಅಂದ್ರು. ಕಾಗದ ಇಲ್ದ ಎಂಜಿನ್ ಕಳ್ಳಮಾಲೂ ಆಗಿರ್ಬೋದು, ನಾಳೆ ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್‌ನವ್ರು ಬಂದು ನಂಬರ್ ನೋಡಿದ್ರೆ ಕ್ಲೇಮೂ ಕಷ್ಟ. ಎಂಜಿನ್ ಬದಲಾಯಿಸೋದನ್ನ ಒಂದೇ ದಿನದ ಕೆಲಸ ಅಂತ ಸಲೀಸಾಗಿ ಹೇಳೋರು ಈ ಭಾಗ ಹೇಳೋದೇ ಇಲ್ಲ.

ಹಾಗಂತ ಸೆಕೆಂಡ್ ಹ್ಯಾಂಡ್ ಎಂಜಿನ್ ಯಾವತ್ತೂ ಬೇಡ ಅಂತಲ್ಲ. ಬ್ಲಾಕ್ ಒಡೆದಿದ್ರೆ, ಕನೆಕ್ಟಿಂಗ್ ರಾಡ್ ಮುರಿದು ಹೊರಗೆ ಬಂದಿದ್ರೆ ಅದೇ ದಾರಿ. ಆಗ ಗುಜರಿಲಿ ಬಿದ್ದಿರೋದನ್ನ ತಗೊಳ್ಳೋದಕ್ಕಿಂತ ಪೂರ್ತಿ ಕಾರು ಹುಡುಕೋದು ಒಳ್ಳೇದು ಅಂತ ಮೇಸ್ತ್ರಿ ಅಭಿಪ್ರಾಯ, ನನಗೂ ಹೌದನ್ನಿಸ್ತು. ಹಿಂದಿಂದ ಗುದ್ದಿಸ್ಕೊಂಡು ಬಾಡಿ ಹಾಳಾದ, ಎಂಜಿನ್ ಇನ್ನೂ ಸ್ಟಾರ್ಟ್ ಆಗೋ ಗಾಡಿ ಸಿಕ್ರೆ ಅದ್ರ ಸದ್ದು ಕೇಳ್ಬೋದು, ಹೊಗೆ ನೋಡ್ಬೋದು, ಕಾಗದವೂ ಮಾಲೀಕರ ಹತ್ರನೇ ಇರತ್ತೆ.

ಅಂಕೋಲಾದ ಗೆಳೆಯನ ಮನೆ ಕಾರು

ಹಾಸ್ಟೆಲಲ್ಲಿ ನನ್ನ ಕಥೆ ಕೇಳಿ ಅಂಕೋಲಾದ ಗೆಳೆಯ ಅವನ ಮನೇದು ಹೇಳಿದ. 2019ರ ಆಗಸ್ಟ್ ನೆರೆಲಿ ಗಂಗಾವಳಿ ಉಕ್ಕಿ ಅವರ ಅಂಗಳಕ್ಕೆ ಬಂದಾಗ ಕಾರು ಅಲ್ಲೇ ಇತ್ತು, ನೀರು ಬಾನೆಟ್ ಮಟ್ಟ ಬಂದು ನಿಂತು ಇಳಿದಿತ್ತು. ಇಳಿದ ಮೇಲೆ ಅಕ್ಕಪಕ್ಕದವ್ರೆಲ್ಲ ಸ್ಟಾರ್ಟ್ ಮಾಡಿ ನೋಡಿ ಅಂದ್ರಂತೆ. ಇವನ ಅಪ್ಪ ದೋಣಿ ಎಂಜಿನ್ ರಿಪೇರಿ ಮಾಡಿ ಪಳಗಿದೋರು, ಯಾರಿಗೂ ಕೀ ಮುಟ್ಟೋದಕ್ಕೆ ಬಿಡ್ಲಿಲ್ಲ. ಗಾಳಿನ ಒತ್ಬೋದು, ನೀರನ್ನ ಒತ್ತೋಕಾಗಲ್ಲ. ಸಿಲಿಂಡರಲ್ಲಿ ನೀರು ನಿಂತಿರೋವಾಗ ಸೆಲ್ಫ್ ಹೊಡೆದ್ರೆ ಪಿಸ್ಟನ್ ಮೇಲೆ ಬರೋದಕ್ಕೆ ಜಾಗ ಇಲ್ದೇ ರಾಡ್ ಬಗ್ಗತ್ತೆ. ಅವ್ರು ಬ್ಯಾಟರಿ ವೈರ್ ಕಳಚಿ, ಏರ್ ಫಿಲ್ಟರ್ ತೆಗೆದು, ಪ್ಲಗ್ ಎಲ್ಲಾ ಬಿಚ್ಚಿ, ಎಂಜಿನ್ನ ಕೈಲೇ ತಿರುಗಿಸಿ ಪ್ಲಗ್ ತೂತಿಂದ ನೀರು ಹೊರಗೆ ಬರಿಸಿ, ಆಯಿಲ್ ಇಳಿಸಿ ಹೊಸದು ಹಾಕಿ, ಸ್ವಲ್ಪ ಓಡಿಸಿ ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಿದ್ರು. ಎಂಜಿನ್ ಉಳೀತು. ಸೀಟು ಮ್ಯಾಟು ವೈರಿಂಗಿಗೆ ಆದ ಖರ್ಚು ಬೇರೆ.

ಇದನ್ನ ಇಲ್ಲಿ ಬರೀತಿರೋದು ಯಾಕಂದ್ರೆ ನಮ್ಮ ಕರಾವಳಿಲಿ ವರ್ಷ ಬಿಟ್ಟು ವರ್ಷ ಒಂದಲ್ಲ ಒಂದು ಹೊಳೆ ಮನೆ ಬಾಗಿಲಿಗೆ ಬರ್ತದೆ, ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ. ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ಇಟ್ಕೊಂಡೋರಿಗೆ ಒಂದು ಮಾತು: ಥರ್ಡ್ ಪಾರ್ಟಿ ಮಾತ್ರ ಇದ್ರೆ ನಿಮ್ಮ ಕಾರಿಗೆ ಏನೂ ಸಿಗಲ್ಲ. ಫುಲ್ ಇನ್ಶೂರೆನ್ಸ್ ಇದ್ರೂ, ನೀರು ಹೊಕ್ಕ ಎಂಜಿನ್ನ ಸ್ಟಾರ್ಟ್ ಮಾಡಿ ಆದ ಹಾನಿನ ಸಾಮಾನ್ಯ ಪಾಲಿಸಿಲಿ ಕೊಡಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ತಗೊಂಡಿರ್ಬೇಕು. ಹಳೇ ಗಾಡಿಗೆ ಅದನ್ನ ಕೊಡೋದೂ ಕಷ್ಟ. ಹಾಗಾಗಿ ಕೀ ಮುಟ್ಟದೇ ಇರೋದೇ ದೊಡ್ಡ ಉಳಿತಾಯ, ನೆರೆಲೂ ಅಷ್ಟೇ, ಘಟ್ಟದಲ್ಲೂ ಅಷ್ಟೇ.

ಆದ ಖರ್ಚು, ಸರಿ ಲೆಕ್ಕ

ಹೆಡ್ ವಾಪಸ್ ಬಂದ ಮೇಲೆ ಜೋಡಿಸೋದಕ್ಕೆ ಮೇಸ್ತ್ರಿ ನನ್ನನ್ನೂ ಸೇರಿಸ್ಕೊಂಡ್ರು. ಬ್ಲಾಕ್ ಮೇಲಿನ ಹಳೇ ಗ್ಯಾಸ್ಕೆಟ್ ಅಂಟನ್ನ ಗೀರು ಬೀಳದ ಹಾಗೆ ಕೆರೆಯೋದು, ಬೋಲ್ಟ್ ತೂತುಗಳಲ್ಲಿ ನಿಂತ ಆಯಿಲ್ ಬಟ್ಟೆಲಿ ಹೀರಿಸೋದು, ಈ ಹೊತ್ತು ಹಿಡಿಯೋ ಕೆಲಸ ನನ್ನದು. ಅದಕ್ಕೆ ಅವ್ರು ಕೂಲಿಲಿ ಕಳೆದ್ರು. ವಿದ್ಯಾರ್ಥಿ ಹತ್ರ ದುಡ್ಡಿಲ್ದೇ ಇರ್ಬೋದು, ರಜೆಲಿ ಹೊತ್ತಿರತ್ತೆ, ಗ್ಯಾರೇಜಲ್ಲಿ ಕೂತು ಕೆಲಸ ನೋಡೋದಕ್ಕೆ, ಪಾರ್ಟ್ಸ್ ಅಂಗಡಿಗೆ ಓಡೋದಕ್ಕೆ, ಹೆಡ್ ಹೊತ್ಕೊಂಡು ಹುಬ್ಬಳ್ಳಿಗೆ ಹೋಗೋದಕ್ಕೆ. ಕೆಲಸಕ್ಕೆ ಸೇರಿದೋರಿಗೆ ಇದು ಆಗಲ್ಲ, ಅವ್ರು ಕಾರು ಬಿಟ್ಟು ಹೋಗಿ ಬಿಲ್ ಬಂದಾಗ ಬರ್ತಾರೆ. ಹೆಡ್ ಬೋಲ್ಟುಗಳನ್ನ ಟಾರ್ಕ್ ರೆಂಚಲ್ಲಿ ನಡುವಿಂದ ಶುರು ಮಾಡಿ ಹೊರಗಿನ ಕಡೆಗೆ, ಒಂದೇ ಸಲ ಬಿಗಿಯದೇ ಹಂತ ಹಂತವಾಗಿ ಬಿಗಿದ್ರು. ಒಂದು ಮೂಲೆಯಿಂದ ಬಿಗೀತಾ ಹೋದ್ರೆ ಈಗಷ್ಟೇ ನೇರ ಮಾಡಿಸಿದ ಹೆಡ್ಡು ಮತ್ತೆ ಸೊಟ್ಟ ಕೂರತ್ತೆ.

ಗ್ಯಾಸ್ಕೆಟ್ ಸೆಟ್ಟು, ಫೇಸಿಂಗು, ವಾಲ್ವ್ ಸೀಲು, ಟೈಮಿಂಗ್ ಬೆಲ್ಟು, ವಾಟರ್ ಪಂಪು, ಥರ್ಮೋಸ್ಟಾಟು, ಎರಡೂ ಹೋಸು, ರೇಡಿಯೇಟರ್ ಕ್ಲೀನಿಂಗು, ಕೂಲಂಟು, ಎರಡು ಸಲದ ಆಯಿಲ್ಲು, ಕೂಲಿ ಎಲ್ಲಾ ಸೇರಿ 14 ಸಾವಿರದ ಹತ್ರ, ಟೋಯಿಂಗ್ ಬೇರೆ. ಬೆಲ್ಟು ಪಂಪು ಕೆಟ್ಟಿರ್ಲಿಲ್ಲ, ಆದ್ರೆ ಅಲ್ಲಿ ತನಕ ಬಿಚ್ಚಿದ ಮೇಲೆ ಅವನ್ನ ಬದಲಾಯಿಸೋದಕ್ಕೆ ಪಾರ್ಟಿನ ದುಡ್ಡು ಮಾತ್ರ, ಆಮೇಲೆ ಬೇರೆಯಾಗಿ ಮಾಡಿಸಿದ್ರೆ ಮತ್ತೆ ಪೂರ್ತಿ ಕೂಲಿ. ಮೇಸ್ತ್ರಿ ಒತ್ತಿ ಹೇಳಿ ಹಾಕಿಸಿದ ಇನ್ನೊಂದು ಸಣ್ಣ ವಸ್ತು ರೇಡಿಯೇಟರ್ ಕ್ಯಾಪು. ಅದು ಬರೀ ಮುಚ್ಚಳ ಅಲ್ಲ, ನೀರನ್ನ ಒತ್ತಡದಲ್ಲಿ ಹಿಡಿದು 100 ಡಿಗ್ರಿಗೆ ಕುದಿಯದ ಹಾಗೆ ನೋಡ್ಕೊಳ್ಳತ್ತೆ. ಅದ್ರ ಸ್ಪ್ರಿಂಗ್ ಸಡಿಲ ಆದ್ರೆ ಘಟ್ಟದಲ್ಲಿ ನೀರು ಬೇಗ ಕುದ್ದು ಹೊರಗೆ ಚೆಲ್ಲತ್ತೆ. ಇಷ್ಟೆಲ್ಲ ಕಮ್ಮಿಲಿ ಆಗಿದ್ದಕ್ಕೆ ದೊಡ್ಡ ಕಾರಣ ಅದು 800 ಆಗಿದ್ದು. 1983ರಿಂದ 2014ರ ಜನವರಿ ತನಕ ತಯಾರಾದ ಕಾರು, ಅದೇ ಜಾತಿ ಎಂಜಿನ್ ಹಾಕ್ಕೊಂಡು ಓಮ್ನಿ 2019ರ ತನಕ ಬಂತು. ಶಿರಸಿಲಿ, ಕುಮಟಾದಲ್ಲಿ ಎಲ್ಲಿ ಕೇಳಿದ್ರೂ ಪಾರ್ಟ್ಸ್ ಇದೆ, ಅದನ್ನ ಬಿಚ್ಚಿ ಗೊತ್ತಿರೋ ಕೈಗಳೂ ಇವೆ. ಇದೇ ತೊಂದರೆ ಯಾವುದೋ ಅಪರೂಪದ ಹಳೇ ಕಾರಿಗೆ ಆಗಿದ್ರೆ ನಾನು ಗುಜರಿ ಮಾತಿಗೆ ಒಪ್ತಿದ್ದೆ.

ಈಗ ಆ ಮೊದಲಿನ ಲೆಕ್ಕಕ್ಕೆ ಬರ್ತೀನಿ. 22ಕ್ಕೆ ಕೊಟ್ಟು ಕೈಲಿದ್ದ 18 ಸೇರ್ಸಿದ್ರೆ 40. ನಲವತ್ತು ಸಾವಿರಕ್ಕೆ ಬರೋದು ಇನ್ಯಾರದೋ ಅಷ್ಟೇ ಹಳೇ ಕಾರು, ಅದ್ರ ಹೆಡ್ಡು ಹ್ಯಾಗಿದೆ, ಹೋಸ್ ಹ್ಯಾಗಿದೆ, ಸಮುದ್ರದ ಉಪ್ಪುಗಾಳಿಗೆ ಕೆಳಗಿನ ತಗಡು ಎಷ್ಟು ತಿಂದಿದೆ ನನಗೆ ಗೊತ್ತಿರಲ್ಲ. 14 ಕೊಟ್ಟಿದ್ರಿಂದ ಒಳಗೆ ಏನಿದೆ ಅಂತ ಗೊತ್ತಿರೋ ಎಂಜಿನ್ ನನ್ನದಾಯ್ತು. ಒಂದುವೇಳೆ 35 ಆಗಿದ್ರೂ ಹೋಲಿಸ್ಬೇಕಾದ್ದು ಆ ದುಡ್ಡಿಗೆ ಮನೆ ಅಂಗಳಕ್ಕೆ ಬೇರೆ ಎಂಥ ಕಾರು ಬರತ್ತೆ ಅನ್ನೋದನ್ನ, ಪೇಟೆಲಿ ಇದಕ್ಕೆ ಎಷ್ಟು ಕೊಡ್ತಾರೆ ಅನ್ನೋದನ್ನಲ್ಲ. ಇದಕ್ಕೂ ಒಂದು ಗಡಿ ಇದೆ, ಅದನ್ನ ನಾನು ಮೊದ್ಲೇ ಹಾಕ್ಕೊಂಡಿದ್ದೆ: ಸಿಲಿಂಡರ್ ಗೋಡೆಲಿ ಗೀರು ಬಿದ್ದಿದ್ರೆ ಅಪ್ಪಯ್ಯನ್ನ ಕೇಳದೇ ಮುಂದುವರಿಯೋದಿಲ್ಲ, ಚಾಸಿಸ್ ತುಕ್ಕು ಹಿಡಿದು ತೂತಾಗಿದ್ರೆ ಎಂಜಿನ್ ಎಷ್ಟೇ ಚೆನ್ನಾಗಿದ್ರೂ ಒಂದು ಪೈಸೆ ಹಾಕೋದಿಲ್ಲ. ಅಪ್ಪಯ್ಯ ಮೊದ್ಲು "ಅದಕ್ಕೆ ಅಷ್ಟು ದುಡ್ಡು ಹಾಕಡ" ಅಂದಿದ್ದೋನು, ಲಿಫ್ಟಲ್ಲಿ ಎತ್ತಿದಾಗ ತಾನೇ ಬಂದು ಕೆಳಗೆಲ್ಲ ಕೈಲಿ ಬಡಿದು ನೋಡಿದ ಮೇಲೇ ಹೂಂ ಅಂದಿದ್ದು.

ಕಾರು ಬಂದ ಮೇಲೆ ಮೊದಲ ಕೆಲವು ದಿನ ಶಿರಸಿ ಸುತ್ತ ಮಾತ್ರ ಓಡಿಸಿ, ದಿನಾ ಬೆಳಿಗ್ಗೆ ತಣ್ಣಗಿದ್ದಾಗ ನೀರು ನೋಡಿ, ಆಯಿಲ್ ನೋಡಿ, ಮೇಸ್ತ್ರಿ ಹೇಳಿದ ಹಾಗೆ ಬೇಗನೇ ಆಯಿಲ್ ಇನ್ನೊಂದ್ಸಲ ಬದಲಾಯಿಸಿದ್ವಿ. ಎಕ್ಸಾಮ್ ಫೀಸಿಗೆ ಬೇಕಾದ ಉಳಿದ ದುಡ್ಡು ಜೂನ್ ಜುಲೈ ಟ್ಯೂಷನ್‌ನಿಂದ ಬಂತು. ಅಜ್ಜಿ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಕುಮಟಾಕ್ಕೆ ಹೋಗಿದ್ದು ಇದೇ ಕಾರಲ್ಲಿ, ಜೋರು ಮಳೆಲಿ. ಕ್ಲಚ್ ಪ್ಲೇಟ್ ಈ ವರ್ಷ ಹಾಕಿಸ್ಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ, ಅಡಿಕೆ ಸುಲಿಯೋ ಕೆಲಸ ಶುರುವಾದ ಮೇಲೆ ಮಾಡಿಸ್ತೀನಿ.